ತಾತನ ಕಬ್ಬಿಣದ ರೇಡಿಯೋ

ನಮ್ಮ ಮನೆಯ ನಡುಮನೆಯಲ್ಲಿ ರಾಗಿ ಮೂಟೆಗಳ ಪಕ್ಕ ಒಂದು ಕಬ್ಬಿಣದ ಪೆಟ್ಟಿಗೆ ಇದೆ. ದೂರದಿಂದ ನೋಡಿದರೆ ಟ್ರಂಕು ಅನ್ನಿಸುತ್ತದೆ. ಹತ್ತಿರ ಹೋದರೆ ಮುಂದುಗಡೆ ತಿರುಗಿಸುವ ಗುಂಡಿಗಳು, ಅಂಕಿ ಬರೆದ ಒಂದು ಕಿಂಡಿ, ಒಂದು ಜಾಲರಿ ಕಾಣುತ್ತವೆ. ಅದು ರೇಡಿಯೋ ಎಂದು ಯಾರಾದರೂ ಹೇಳಿದರೆ ಮಾತ್ರ ಗೊತ್ತಾಗುವುದು. ಪ್ರತಿ ವರ್ಷ ಆಯುಧಪೂಜೆಯ ದಿನ ನೇಗಿಲು, ಮಚ್ಚು, ಪಂಪ್‌ಸೆಟ್ಟಿನ ಜೊತೆಗೆ ಅದಕ್ಕೂ ಅರಿಶಿನ ಕುಂಕುಮ ಹಚ್ಚುತ್ತೇವೆ. ಒಂದು ವರ್ಷ ಅಪ್ಪ ಬಾಗಿಲಿಗೆ ಬಳಿದು ಉಳಿದ ಹಸಿರು ಬಣ್ಣವನ್ನು ಅದಕ್ಕೂ ಬಳಿದುಬಿಟ್ಟಿದ್ದರು.

ಈ ಪೆಟ್ಟಿಗೆಯ ಬಗ್ಗೆ ತಾತ ಹೇಳುವ ಕಥೆ ಒಂದೇ. "ನಮ್ಮಪ್ಪ ಬರ್ಮಾ ಯುದ್ಧಕ್ಕೆ ಹೋಗಿದ್ರು ಕಣ್ಲಾ. ಅಲ್ಲಿ ಜಪಾನಿನೋರ ಹತ್ರ ಕಿತ್ಕೊಂಡು ಹೆಗಲ ಮೇಲೆ ಹೊತ್ಕೊಂಡು ತಂದ ರೇಡಿಯ ಇದು." ಆದರೆ ಊರಿನಲ್ಲಿ ಇನ್ನೊಂದು ಕಥೆಯೂ ಇದೆ. ನಮ್ಮ ದಾಯಾದಿ ಮನೆಯ ದೊಡ್ಡಪ್ಪ ಒಬ್ಬರು, ಹೆಸರು ಬೇಡ, ಹೊಲದ ಬದುವಿನ ಜಗಳ ಬಂದಾಗಲೆಲ್ಲ "ಮಿಲ್ಟ್ರಿ ಮಾಲು ಕದ್ದು ತಂದ ಮನೆಯೋರು" ಎಂದು ಅಂದುಬಿಡುತ್ತಾರೆ. ಆಗ ತಾತ ಊಟ ಬಿಟ್ಟು ಎದ್ದು ಹೋಗುತ್ತಾರೆ. ಇದನ್ನು ನಾನು ಚಿಕ್ಕವನಿದ್ದಾಗಿನಿಂದ ನೋಡಿದ್ದೇನೆ.

ಹೋದ ಬೇಸಿಗೆಯಲ್ಲಿ ಕೆ.ಆರ್.ಪೇಟೆ ಕಡೆಯ ಗುಜರಿಯವರು ಬಂದು ಅದಕ್ಕೆ 1,200 ರೂಪಾಯಿ ಕೊಡುತ್ತೇವೆ ಎಂದರು. ಒಳಗೆ ತಾಮ್ರ ಇರುತ್ತದಂತೆ. ಅಪ್ಪನಿಗೆ ಆಸೆಯಾಯಿತು. ತಾತ ಮಾತ್ರ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟರು. ಅಪ್ಪ ಹೇಳಿದ್ದು, "ಅದೇನು ಅಂತ ಯಾರಿಗೂ ಗೊತ್ತಿಲ್ಲ, ಹಾಡ್ತಾನೂ ಇಲ್ಲ, ಸುಮ್ನೆ ಜಾಗ ತಿಂತದೆ." ಹಾಗಾದರೆ ಅದೇನು ಅಂತ ಕಂಡುಹಿಡಿಯೋಣ ಎಂದು ನಾನು ನಮ್ಮ ವಿಜ್ಞಾನದ ಮೇಷ್ಟ್ರನ್ನು ಕರೆದುಕೊಂಡು ಬಂದೆ.

ಮೊದಲು ತೂಕ ನೋಡಿದೆವು. ಮೂಟೆ ತೂಗುವ ತಕ್ಕಡಿಗೆ ನಾಲ್ಕು ಜನ ಸೇರಿ ಏರಿಸಿದೆವು. 40 ಕಿಲೋ ದಾಟಿತು! ಮೇಷ್ಟ್ರು ನನ್ನ ಮುಖ ನೋಡಿದರು. ಇದನ್ನು ಹೆಗಲ ಮೇಲೆ ಹೊತ್ತು ಬರ್ಮಾ ಕಾಡಿನಿಂದ ಪಾಂಡವಪುರಕ್ಕೆ ಬರುವುದೆಂದರೆ ಹೇಗೆ? ತಾತನ ಮುಂದೆ ಆಗ ಏನೂ ಹೇಳಲಿಲ್ಲ.

ಆಮೇಲೆ ಮುಂಭಾಗದಲ್ಲಿ ಬಣ್ಣದ ಕೆಳಗೆ ಒಂದು ತಗಡಿನ ಚೂರು ಉಬ್ಬಿಕೊಂಡಿರುವುದು ಕೈಗೆ ಸಿಕ್ಕಿತು. ನಾನು ಉಪ್ಪುಕಾಗದ ಹಾಕಿ ಉಜ್ಜಬೇಕು ಅಂತಿದ್ದೆ. ನಾಗಮಂಗಲದಲ್ಲಿ ವಿಗ್ರಹದ ಕೆಲಸ ತಿಳಿದಿರುವ ನಮ್ಮ ಸೋದರಮಾವ ಫೋನಿನಲ್ಲೇ ಬೈದರು. "ಉಜ್ಜಿದ್ರೆ ಅಕ್ಷರ ಹೋಯ್ತವೆ. ಬಟ್ಟೆಗೆ ಥಿನ್ನರ್ ಹಾಕಿ ಇಟ್ಟು ಒಂದು ಗಂಟೆ ಸುಮ್ನಿರು." ಹಾಗೇ ಮಾಡಿದೆ. ಹಸಿರು ಬಣ್ಣ ಅಪ್ಪಳದ ಹಾಗೆ ಎದ್ದು ಬಂತು. ಕೆಳಗೆ ಇಂಗ್ಲಿಷಿನಲ್ಲಿ "ರಿಸೆಪ್ಷನ್ ಸೆಟ್ ಆರ್ 107" ಎಂದಿತ್ತು. ಪಕ್ಕದಲ್ಲಿ ಕಾಗೆ ಕಾಲಿನ ಹಾಗೆ ಮೂರು ಗೆರೆಯ ಒಂದು ಗುರುತು.

ಮೇಷ್ಟ್ರು ತಮ್ಮ ಫೋನಿನಲ್ಲಿ ಹುಡುಕಿ ಚಿತ್ರ ತೋರಿಸಿದರು. ಅದೇ ಪೆಟ್ಟಿಗೆ! ಆರ್ 107 ಎನ್ನುವುದು ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೈನ್ಯ ಬಳಸಿದ ರಿಸೀವರ್, ಅಂದರೆ ಕೇಳುವುದಕ್ಕೆ ಮಾತ್ರ, ಮಾತಾಡಿ ಕಳಿಸುವುದಕ್ಕೆ ಆಗುವುದಿಲ್ಲ. ಮನೆಯ ಕರೆಂಟಿನಲ್ಲೂ ನಡೆಯುತ್ತದೆ, 12 ವೋಲ್ಟಿನ ಬ್ಯಾಟರಿಯಲ್ಲೂ ನಡೆಯುತ್ತದೆ. ಕಾಗೆ ಕಾಲು ನಿಜವಾಗಿ ಬಾಣದ ತುದಿ. ಅದು ಬ್ರಿಟಿಷ್ ಸರ್ಕಾರದ ಸ್ವತ್ತು ಎನ್ನುವುದಕ್ಕೆ ಹಾಕುತ್ತಿದ್ದ ಮುದ್ರೆ. ಅಲ್ಲಿಗೆ ಜಪಾನಿನ ಕಥೆ ಮುಗಿಯಿತು. ಆದರೆ ದೊಡ್ಡಪ್ಪನ ಕಥೆಗೆ ಬಲ ಬಂದಂತಾಯಿತಲ್ಲ! ಸರ್ಕಾರದ ಮುದ್ರೆ ಇರುವ ಸಾಮಾನು ನಮ್ಮ ನಡುಮನೆಯಲ್ಲಿ ಯಾಕೆ ಇದೆ? ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಒಂದು ಮಾತು ಹೇಳಬೇಕು. ನಮ್ಮ ಸೀಮೆಯಲ್ಲಿ ಹಳೇ ಕಬ್ಬಿಣ ಏನು ಸಿಕ್ಕಿದರೂ ಅದಕ್ಕೊಂದು ಯುದ್ಧ ಅಂಟಿಸುತ್ತಾರೆ. ಶ್ರೀರಂಗಪಟ್ಟಣದ ಸುತ್ತಮುತ್ತ ಉಳುವಾಗ ಗುಂಡು ಸಿಕ್ಕಿದರೆ ಅದು ಟಿಪ್ಪುವಿನದೇ. ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂದು ಹೆಸರಿತ್ತು, ಹೈದರ್ ಮತ್ತು ಟಿಪ್ಪುವಿನ ಕಡೆಯ ಫ್ರೆಂಚ್ ಸೈನಿಕರು ಅಲ್ಲಿ ಬೀಡು ಬಿಟ್ಟಿದ್ದರಿಂದ. ಹೀಗಿರುವಾಗ ತಾತ ಒಂದು ರೇಡಿಯೋಗೆ ಬರ್ಮಾ ಯುದ್ಧ ಅಂಟಿಸಿದರೆ ಅದೇನು ದೊಡ್ಡ ತಪ್ಪಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮುಂದಿನ ಭಾನುವಾರ ಪೆಟ್ಟಿಗೆ ಬಿಚ್ಚಿದೆವು. ಬಿಚ್ಚುವ ಮೊದಲು ಮೇಷ್ಟ್ರು ನಮ್ಮೆಲ್ಲರ ಕೈ ಹಿಂದಕ್ಕೆ ಕಟ್ಟಿಸಿ ನಿಲ್ಲಿಸಿದರು. ವಾಲ್ವ್ ರೇಡಿಯೋ ಒಳಗೆ ನೂರಾರು ವೋಲ್ಟ್ ಇರುತ್ತದೆ, ಕರೆಂಟು ತೆಗೆದ ಮೇಲೂ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತದೆ. ನಮ್ಮದಕ್ಕೆ ಎಷ್ಟೋ ವರ್ಷದಿಂದ ಕರೆಂಟು ಕೊಟ್ಟಿಲ್ಲ, ಆದರೂ ಅವರು ಬಿಡಲಿಲ್ಲ. ಕುತೂಹಲಕ್ಕೆ ಪ್ಲಗ್ಗಿಗೆ ಹಾಕಿ ನೋಡುವುದಂತೂ ಕೂಡದು ಎಂದರು, ಒಣಗಿದ ಕೆಪಾಸಿಟರ್ ಸಿಡಿಯಬಹುದು, ರಬ್ಬರು ಪುಡಿಯಾದ ತಂತಿ ಒಂದಕ್ಕೊಂದು ತಾಗಬಹುದು. ಸ್ನೇಹಿತರೆ, ನಿಮ್ಮ ಮನೆಯಲ್ಲಿ ಇಂಥದ್ದಿದ್ದರೆ ನೀವೂ ಹಾಕಬೇಡಿ.

ಒಳಗೆ ಜೇಡರ ಬಲೆ, ಒಂದು ಇಲಿಗೂಡು, ಗಾಜಿನ ವಾಲ್ವುಗಳು. ಇಲಿಗೂಡಿನಲ್ಲಿ ಪೋಸ್ಟಾಫೀಸಿನ ರೇಡಿಯೋ ಲೈಸೆನ್ಸ್ ಪುಸ್ತಕದ ಚೂರುಗಳಿದ್ದವು. ಮೊದಲು ರೇಡಿಯೋ ಇಟ್ಟುಕೊಳ್ಳಲು ವರ್ಷ ವರ್ಷ ದುಡ್ಡು ಕಟ್ಟಬೇಕಿತ್ತಂತೆ. ಇಸವಿ ಇರುವ ಭಾಗವನ್ನೇ ಇಲಿ ತಿಂದಿತ್ತು.

ವಾಲ್ವುಗಳ ಮೇಲೆ ಎಆರ್‌ಪಿ 34, ಎಆರ್ 21 ಎಂದು ಬರೆದಿತ್ತು. ಇವು ಸೈನ್ಯದವರು ಇಟ್ಟ ಹೆಸರುಗಳು. ಪೇಟೆಯಲ್ಲಿ ಅದೇ ವಾಲ್ವುಗಳಿಗೆ ಇಎಫ್ 39, ಇಬಿಸಿ 33 ಎಂದು ಹೆಸರು. ಈ ಹೆಸರುಗಳಲ್ಲಿ ಒಂದು ಲೆಕ್ಕವಿದೆ. ಮೊದಲ ಅಕ್ಷರ 'ಇ' ಅಂದರೆ ಒಳಗಿನ ತಂತಿ ಕಾಯಲು 6.3 ವೋಲ್ಟ್ ಬೇಕು. ಮುಂದಿನ ಅಕ್ಷರ ಯಾವ ಜಾತಿಯ ವಾಲ್ವ್ ಎಂದು ಹೇಳುತ್ತದೆ. ಆಮೇಲಿನ ಮೊದಲ ಅಂಕಿ ಕಾಲು ಯಾವ ಬಗೆ ಎಂದು ಹೇಳುತ್ತದೆ, 3 ಇದ್ದರೆ ದಪ್ಪ ಎಂಟು ಕಾಲಿನದು, 8 ಇದ್ದರೆ ಸಣ್ಣ ಒಂಬತ್ತು ಕಾಲಿನದು. ಎಂಟು ಕಾಲಿನದು ಯುದ್ಧಕ್ಕೆ ಮೊದಲೇ ಬಂದಿತ್ತು. ಸಣ್ಣ ಒಂಬತ್ತು ಕಾಲಿನದು ಬಂದದ್ದು ಯುದ್ಧ ಮುಗಿದ ಮೇಲೆ.

ಇದನ್ನು ಮೇಷ್ಟ್ರು ವಿವರಿಸುತ್ತಿರುವಾಗಲೇ ಮೂಲೆಯಲ್ಲಿ ಒಂದು ತೆಳ್ಳನೆಯ ವಾಲ್ವ್ ನನಗೆ ಕಾಣಿಸಿತು. ಒರೆಸಿ ನೋಡಿದರೆ ಇಎಲ್ 84. ಅದರ ಕೆಳಗೆ ಬಿಇಎಲ್, ಮೇಡ್ ಇನ್ ಇಂಡಿಯಾ! ಬಿಇಎಲ್ ಅಂದರೆ ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್. ಅದನ್ನು ಸ್ಥಾಪಿಸಿದ್ದೇ 1954ರಲ್ಲಿ, ಫ್ರಾನ್ಸಿನ ಒಂದು ಕಂಪನಿಯ ಸಹಕಾರದಿಂದ. ಅಲ್ಲಿ ರೇಡಿಯೋ ವಾಲ್ವ್ ತಯಾರಿಕೆ ಶುರುವಾದದ್ದು 1961ರಲ್ಲಿ. ಮುತ್ತಾತ ಯುದ್ಧದಿಂದ ಬಂದದ್ದು ಅದಕ್ಕೆ ಎಷ್ಟೋ ವರ್ಷ ಮೊದಲು. ಹಾಗಾದರೆ ಇದು ಯುದ್ಧಕಾಲದ ಪೆಟ್ಟಿಗೆಯೇ ಅಲ್ಲವೇ? ಬಾಗಿಲಲ್ಲಿ ಕುಳಿತಿದ್ದ ತಾತ "ಏನಾಯ್ತುಲಾ?" ಅಂದರು. "ಏನಿಲ್ಲ ತಾತ" ಅಂದೆ.

ಮೇಷ್ಟ್ರು ನಗುತ್ತಾ ಟಾರ್ಚು ಹಿಡಿದು ಆ ವಾಲ್ವಿನ ಬುಡ ತೋರಿಸಿದರು. ಉಳಿದ ವಾಲ್ವುಗಳ ರಂಧ್ರಗಳು ಅಚ್ಚುಕಟ್ಟಾಗಿ ದುಂಡಗಿವೆ. ಇದರ ರಂಧ್ರ ಮಾತ್ರ ಅರದಲ್ಲಿ ಉಜ್ಜಿದ್ದು, ಅಂಕುಡೊಂಕು. ಬೆಸುಗೆಯ ಸೀಸ ಬೇರೆ ಬಣ್ಣ. ಬಂದಿದ್ದ ತಂತಿ ಪ್ಲಾಸ್ಟಿಕ್ಕಿನದು, ಉಳಿದದ್ದೆಲ್ಲ ರಬ್ಬರು. "ಗಾಡಿಗೆ ಹೊಸ ಚಕ್ರ ಹಾಕಿದ್ರೆ ಗಾಡಿ ಹೊಸದಾಗುತ್ತೇನಯ್ಯಾ?" ಅಂದರು. ಆಗ ತಾತನಿಗೆ ನೆನಪು ಬಂತು. ಅವರ ಮದುವೆಯಾದ ಮೇಲೆ ಸದ್ದು ನಿಂತುಹೋಗಿತ್ತಂತೆ. ಗಾಡಿಯಲ್ಲಿ ಹಾಕಿಕೊಂಡು ಶ್ರೀರಂಗಪಟ್ಟಣದ ಒಬ್ಬ ರಿಪೇರಿಯವನ ಹತ್ತಿರ ಹೋದರೆ, ಅವನು ಹಳೇ ಬಲ್ಬು ಸಿಗಲ್ಲ, ಬೇರೆ ಹಾಕ್ತೀನಿ ಎಂದು ಮೂರು ವಾರ ಇಟ್ಟುಕೊಂಡಿದ್ದನಂತೆ.

ಹಾಗಾದರೆ ವಯಸ್ಸು ತಿಳಿಯುವುದು ಹೇಗೆ? ಗೋಡೆ ಕೆಡವಿದಾಗ ಇಟ್ಟಿಗೆ ಮಧ್ಯೆ ಒಂದು ನಯಾ ಪೈಸೆ ಸಿಕ್ಕಿತು ಅನ್ನಿ. ನಯಾ ಪೈಸೆ ಬಂದದ್ದು 1957ರಲ್ಲಿ. ಆದ್ದರಿಂದ ಆ ಗೋಡೆ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ರೇಡಿಯೋದಲ್ಲೂ ಇದೇ ಲೆಕ್ಕ, ಆದರೆ ಯಾರೂ ಕೈ ಹಾಕದ ಭಾಗಗಳನ್ನು ಮಾತ್ರ ನೋಡಬೇಕು. ಕೆಪಾಸಿಟರುಗಳ ತಗಡಿನ ಡಬ್ಬಿಯ ಮೇಲೆ ಸಣ್ಣದಾಗಿ ತಿಂಗಳು, ಇಸವಿ ಒತ್ತಿರುತ್ತಾರೆ. ನಾವು ಟಾರ್ಚು, ಕನ್ನಡಿ ಚೂರು ಹಿಡಿದು ಹುಡುಕಿದೆವು. ಐದು ಕಡೆ ಓದಲು ಬಂತು. ಮೂರು 1942ರವು. ಒಂದು 1943ರ ಮಾರ್ಚ್. ಕೊನೆಯದು 1943ರ ಆಗಸ್ಟ್. ಎಲ್ಲದಕ್ಕೂ ಹಳೇ ಬೆಸುಗೆ, ಹಳೇ ತಂತಿ. ಆದ್ದರಿಂದ ಈ ಪೆಟ್ಟಿಗೆ ತಯಾರಾದದ್ದು 1943ರ ಆಗಸ್ಟಿಗಿಂತ ಮುಂಚೆ ಅಲ್ಲ, ಬಹುಶಃ ಅದಾದ ಕೆಲವು ತಿಂಗಳಲ್ಲೇ. ಯುದ್ಧಕಾಲದ್ದು ಎನ್ನುವುದು ಖಚಿತ. ಅಂಕಿಯ ಕಿಂಡಿಯಲ್ಲೂ ಮೆಗಾಹರ್ಟ್ಸ್ ಎಂದು ಇರಲಿಲ್ಲ, ಮೆಗಾಸೈಕಲ್ ಎಂದಿತ್ತು. ಹರ್ಟ್ಸ್ ಎಂಬ ಮಾತನ್ನು ಅಂತರರಾಷ್ಟ್ರೀಯವಾಗಿ ಒಪ್ಪಿದ್ದು 1960ರಲ್ಲಿ.

ಆ ಅಂಕಿಗಳಿಂದ ಇನ್ನೊಂದು ಹಳೇ ತಕರಾರೂ ಬಗೆಹರಿಯಿತು. ಇದರಲ್ಲಿ ಸಿಲೋನು, ದೆಹಲಿ ಬರುತ್ತಿತ್ತು, ಪಕ್ಕದ ಬೆಂಗಳೂರು ಮಾತ್ರ ಬರುತ್ತಿರಲಿಲ್ಲ ಎಂದು ತಾತ ಯಾವಾಗಲೂ ಬೈಯುತ್ತಿದ್ದರು. ಶ್ರೀರಂಗಪಟ್ಟಣದ ರಿಪೇರಿಯವನು ಕೆಡಿಸಿದ ಎಂದು ಅವರ ನಂಬಿಕೆ. ಈ ಪೆಟ್ಟಿಗೆ ಹಿಡಿಯುವುದೇ 1.2ರಿಂದ 17.5 ಮೆಗಾಸೈಕಲ್‌ವರೆಗೆ. ಬೆಂಗಳೂರು ಆಕಾಶವಾಣಿ ಬರುತ್ತಿದ್ದದ್ದು 612 ಕಿಲೋಹರ್ಟ್ಸಿನಲ್ಲಿ, ಅಂದರೆ 0.612. ಕಿಂಡಿಯ ಒಳಗೇ ಇಲ್ಲ! ಸಿಲೋನ್ ಕಿರುತರಂಗದಲ್ಲಿ ಬರುತ್ತಿತ್ತು, ಅದಕ್ಕೆ ಸಿಗುತ್ತಿತ್ತು. ಪಾಪ, ಆ ರಿಪೇರಿಯವನನ್ನು ಇಷ್ಟು ವರ್ಷ ಸುಮ್ಮನೆ ಬೈದದ್ದಾಯಿತು.

ಉಳಿದದ್ದು ಒಂದೇ ಪ್ರಶ್ನೆ, ನಮ್ಮ ಮನೆಗೆ ಹೇಗೆ ಬಂತು? ಇದನ್ನು ಬಿಡಿಸಿದ್ದು ಕೆ.ಆರ್.ಪೇಟೆಯ ಒಬ್ಬ ನಿವೃತ್ತ ಯೋಧರು. ಸೈನ್ಯದ ಸಿಗ್ನಲ್ಸ್ ವಿಭಾಗದಲ್ಲಿದ್ದವರು, ಜಬಲ್ಪುರದಲ್ಲಿ ತರಬೇತಿ ಪಡೆದವರು. ಮೇಷ್ಟ್ರಿಗೆ ಪರಿಚಯ. ಅವರು ಬಂದು ಪೆಟ್ಟಿಗೆ ಸುತ್ತ ಒಂದು ಸಾರಿ ನಡೆದು, "ಇದು ಸಿಪಾಯಿ ಹೊರೋ ಸೆಟ್ಟಲ್ಲ, ಲಾರೀಲಿ ಇಲ್ಲಾ ಸಿಗ್ನಲ್ ಸ್ಟೇಷನ್ನಲ್ಲಿ ಇಡೋದು" ಅಂದರು. ಆಮೇಲೆ ಮಂಡಿಯೂರಿ ಕುಳಿತು ಎಡಗಡೆಯ ತಗಡನ್ನು ಕೈಯಲ್ಲಿ ಸವರಿದರು. ಅಲ್ಲಿ ಬಣ್ಣದ ಕೆಳಗೆ ಒಂದು ನಕ್ಷತ್ರದ ಗುರುತು ಇರುವುದು ನಮಗೆಲ್ಲ ಗೊತ್ತಿತ್ತು. ಅವ್ವ ಅದಕ್ಕೇ ಕುಂಕುಮ ಇಡುತ್ತಿದ್ದದ್ದು.

"ಇದು ನಕ್ಷತ್ರ ಅಲ್ಲ ಕಣಪ್ಪ. ಸರಿಯಾಗಿ ನೋಡು, ಎರಡು ಬಾಣ. ತುದಿಗೆ ತುದಿ ತಾಗಿಸಿ ಹೊಡೆದಿದಾರೆ."

ಒಂದು ಬಾಣ ಇದ್ದರೆ ಸರ್ಕಾರದ ಸ್ವತ್ತು. ಸರ್ಕಾರ ಅದನ್ನು ಬೇಡವೆಂದು ತೆಗೆದುಹಾಕಿದಾಗ, ಮಾರಿದಾಗ, ಎರಡನೇ ಬಾಣವನ್ನು ಎದುರುಬದುರಾಗಿ ಒತ್ತುತ್ತಿದ್ದರು. ಇನ್ನು ಮೇಲೆ ಇದು ನಮ್ಮದಲ್ಲ, ಇಟ್ಟುಕೊಂಡವನು ಕಳ್ಳನಲ್ಲ ಎಂದು ಅರ್ಥ. ಯುದ್ಧ ಮುಗಿದ ಮೇಲೆ ಹೀಗೆ ಲಾರಿ, ಡೇರೆ, ಟೈರು, ರೇಡಿಯೋ ಎಲ್ಲವನ್ನೂ ಡಿಸ್ಪೋಸಲ್ ಎಂದು ರಾಶಿ ರಾಶಿ ಮಾರಿದ್ದರು. ಮುತ್ತಾತ ಅಂಥ ಕಡೆ ಕೊಂಡುಕೊಂಡಿರಬೇಕು, ಇಲ್ಲವೇ ಕೊಂಡವರಿಂದ ಪಡೆದಿರಬೇಕು. ತಾತ ಹುಟ್ಟಿದ್ದು 1948ರಲ್ಲಿ. ಅವರು ಕಣ್ಣು ಬಿಡುವ ಹೊತ್ತಿಗೆ ಪೆಟ್ಟಿಗೆ ನಡುಮನೆಯಲ್ಲಿತ್ತು. ಕಥೆ ಯಾರು ಕಟ್ಟಿದರೋ, ಅವರು ಕೇಳಿದ್ದನ್ನು ಹೇಳಿಕೊಂಡು ಬಂದರು.

ಇದೆಲ್ಲ ತಾತನಿಗೆ ಹೇಳುವುದು ಯಾರು? ಮೇಷ್ಟ್ರು ನನ್ನನ್ನೇ ಮುಂದಕ್ಕೆ ತಳ್ಳಿದರು. ಜಪಾನಿನದಲ್ಲ, ಹೊತ್ತು ತಂದದ್ದಲ್ಲ, ಕೊಂಡದ್ದು ಎಂದು ನಾನು ಒಂದೇ ಉಸಿರಿಗೆ ಹೇಳಿಬಿಟ್ಟೆ. ತಾತ ಮಾತಾಡಲಿಲ್ಲ. ಒಳಗೆ ಹೋಗಿ ಟ್ರಂಕಿನಿಂದ ಒಂದು ಗಂಟು ತಂದರು. ಅದರಲ್ಲಿ ಆರು ಮೂಲೆಯ ಕಂಚಿನ ಪದಕ. ಯೋಧರು ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ "ಬರ್ಮಾ ಸ್ಟಾರ್" ಅಂದರು, ಎದ್ದು ನಿಂತರು. ಬರ್ಮಾದ ಯುದ್ಧದಲ್ಲಿ ಕೆಲಸ ಮಾಡಿದವರಿಗೆ ಕೊಟ್ಟ ಪದಕ ಅದು. ಮುತ್ತಾತ ಹೋಗಿದ್ದು ಸುಳ್ಳಲ್ಲ. ರೇಡಿಯೋ ಮಾತ್ರ ಬೇರೆ ದಾರಿಯಿಂದ ಬಂದಿತ್ತು.

ಎರಡು ದಿನ ತಾತ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ ನೋಡುತ್ತೇನೆ, ದಾಯಾದಿ ಮನೆಯ ದೊಡ್ಡಪ್ಪನನ್ನು ಕಾಫಿಗೆ ಕರೆದು, ನಡುಮನೆಯಲ್ಲಿ ಕೂರಿಸಿ, ಅವರ ಬೆರಳು ಹಿಡಿದು ಎರಡು ಬಾಣದ ಮೇಲೆ ಆಡಿಸುತ್ತಿದ್ದಾರೆ. "ಇದು ಮಾರಿದ ಗುರ್ತು ಕಣಯ್ಯಾ, ಮಾರಿದ ಗುರ್ತು. ಕೆ.ಆರ್.ಪೇಟೆ ಮಿಲ್ಟ್ರಿಯೋರೇ ಹೇಳವ್ರೆ." ದೊಡ್ಡಪ್ಪ ಕಾಫಿ ಕುಡಿದು "ಇರ್ಲಿ ಬುಡಪ್ಪ" ಎಂದು ಎದ್ದು ಹೋದರು. ಬದುವಿನ ಜಗಳ ಇನ್ನೂ ಇದೆ, ಅದು ಬೇರೆ ಮಾತು.

ಗುಜರಿಯವರು ಮತ್ತೆ ಬಂದಾಗ ಅಪ್ಪನೇ ಬೇಡ ಎಂದರು. ಹಸಿರು ಬಣ್ಣವನ್ನು ನಾನೂ ತಾತನೂ ಭಾನುವಾರ ಭಾನುವಾರ ಸ್ವಲ್ಪ ಸ್ವಲ್ಪ ತೆಗೆಯುತ್ತಿದ್ದೇವೆ. ಮೊನ್ನೆ ಹಾಗೆ ಕೆಲಸ ಮಾಡುತ್ತಿದ್ದಾಗ ತಾತ ಇದ್ದಕ್ಕಿದ್ದಂತೆ ಕೇಳಿದರು.

"ಅಲ್ಲ ಕಣ್ಲಾ, ಬರ್ಮಾದಿಂದ ಬಂದೋರ ಹತ್ರ ಎಷ್ಟು ದುಡ್ಡಿದ್ದಾತು? ಎಷ್ಟು ಕೊಟ್ಟು ತಗಂಡಿರಬೋದು ನಮ್ಮಪ್ಪ ಇದ್ನ?"

ಅದು ಯಾವ ತಗಡಿನ ಮೇಲೂ ಬರೆದಿರಲಿಲ್ಲ.