ಮೂರು ನಿಮಿಷ ಮುಂದೆ

ನಿವೃತ್ತನಾದ ಐದನೆಯ ವರ್ಷದಲ್ಲಿ ನನಗೊಂದು ವಿಚಿತ್ರವಾದ ವ್ಯಾಧಿ ತಗುಲಿತು. ವೃತ್ತಪತ್ರಿಕೆಯನ್ನು ನಿಧನವಾರ್ತೆಯಿಂದ ಮೊದಲ್ಗೊಂಡು ಓದುವುದು, ಮಧ್ಯಾಹ್ನದ ನಿದ್ರೆಯಿಂದೆದ್ದು ರಾತ್ರಿಯ ನಿದ್ರೆಗಾಗಿ ಕಾಯುವುದು, ಊರಿಗೆ ಹೊರಡುವ ದಿನ ಒಂದೂವರೆ ಗಂಟೆ ಮುಂಚಿತವಾಗಿಯೇ ನಿಲ್ದಾಣವನ್ನು ಸೇರಿ ಹಾಸಿಗೆಯ ಸುರುಳಿಯ ಮೇಲೆ ಕುಳಿತುಬಿಡುವುದು, ಇವು ಅದರ ಲಕ್ಷಣಗಳು. ನಾಡಿ ಹಿಡಿದು ನೋಡಿದ ವೈದ್ಯಮಿತ್ರರು ಔಷಧವನ್ನೇನೂ ಬರೆಯದೆ, ‘ನೀವು ಓದಿದ ಊರಿಗೆ ಒಮ್ಮೆ ಹೋಗಿಬನ್ನಿ’ ಎಂದರು. ನಾನು ಓದಿದ್ದು ತುಮಕೂರಿನಲ್ಲೋ ಮೈಸೂರಿನಲ್ಲೋ ಎಂದು ಅವರು ತಿಳಿದಿದ್ದಿರಬೇಕು. ಮಗಳು ಲಂಡನ್ನಿನಲ್ಲಿ ಸಂಸಾರ ಹೂಡಿದ್ದಳಾಗಿ ಈ ದುಬಾರಿ ಚಿಕಿತ್ಸೆಯೂ ಸಾಧ್ಯವಾಯಿತು. 1994ರ ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಓದಲೆಂದು ಮೊದಲ ಸಲ ಬಂದು ಸರಿಯಾಗಿ ನಲವತ್ತು ವರ್ಷಗಳಾದ ಮೇಲೆ, ಎಡಿನ್‌ಬರೋ ನಗರದ ವೇವರ್ಲಿ ನಿಲ್ದಾಣದಲ್ಲಿ ಇಳಿದೆನು.

ಆ ನಿಲ್ದಾಣದಿಂದ ಪ್ರಿನ್ಸಸ್ ಬೀದಿಗೆ ಏರುವ ಮೆಟ್ಟಿಲುಗಳಲ್ಲಿ ಬೀಸುವ ಗಾಳಿ ಲೋಕಪ್ರಸಿದ್ಧವಾದುದು; ಟೋಪಿ ಧರಿಸಿದ ಗಂಡಸರಿಗೂ ಲಂಗ ಧರಿಸಿದ ಹೆಂಗಸರಿಗೂ ಅದು ಸಮಾನ ಶತ್ರು. ನನ್ನ ಉಣ್ಣೆಯ ಟೋಪಿಯನ್ನು ಹಾರಿಸಿ ಅದು ನನ್ನನ್ನು ಗುರುತಿಸಿತು. ಮೇಲೆ ಹತ್ತಿ ನೋಡಿದರೆ, ನಾವಿದ್ದಾಗ ನಾರ್ತ್ ಬ್ರಿಟಿಷ್ ಎಂಬ ಹೆಸರಿನದಾಗಿದ್ದ ಹೋಟೆಲು ಬಾಲ್ಮೋರಲ್ ಎಂದು ನಾಮಾಂತರ ಹೊಂದಿತ್ತು. ಟ್ರಾಮುಗಳಂತೂ ನಾನು ಊರು ಬಿಟ್ಟ 1956ರಲ್ಲಿಯೇ, ಕೆಲವು ತಿಂಗಳುಗಳ ಅಂತರದಲ್ಲಿ, ನನ್ನನ್ನು ಅನುಸರಿಸಿದ್ದವು. ಆದರೆ ಗೋಪುರದ ಗಡಿಯಾರ ಮಾತ್ರ ತನ್ನ ಸುಳ್ಳನ್ನು ಬಿಟ್ಟಿರಲಿಲ್ಲ. 1902ರಲ್ಲಿ ಹೋಟೆಲು ತೆರೆದಂದಿನಿಂದ ಅದು ಮೂರು ನಿಮಿಷ ಮುಂದೆ ನಡೆಯುತ್ತದೆ. ಕೆಟ್ಟು ಅಲ್ಲ; ಪ್ರಯಾಣಿಕರಿಗೆ ರೈಲು ತಪ್ಪದಿರಲೆಂದು ಬುದ್ಧಿಪೂರ್ವಕವಾಗಿ ಹಾಗಿಟ್ಟಿದ್ದಾರೆ. ವರ್ಷದ ಕಡೆಯ ರಾತ್ರಿಯೊಂದರಲ್ಲಿ ಮಾತ್ರ ಅದು ಸತ್ಯವನ್ನು ನುಡಿಯುತ್ತದೆ. ಇಷ್ಟು ಕರುಣೆಯ ಸುಳ್ಳಿಗೆ ನಾವು ವಿದ್ಯಾರ್ಥಿಗಳು ತೋರಿಸಿದ ಕೃತಜ್ಞತೆ ಏನೆಂದರೆ, ಗಡಿಯಾರ ನೋಡಿದೊಡನೆ ಮನಸ್ಸಿನಲ್ಲಿಯೇ ಮೂರು ನಿಮಿಷ ಕಳೆದು, ಆ ಮೂರು ನಿಮಿಷಗಳನ್ನು ಹರಟೆಯಲ್ಲಿ ವ್ಯಯಿಸಿ, ಕ್ರಮವಾಗಿ ಎಲ್ಲ ರೈಲುಗಳನ್ನೂ ತಪ್ಪಿಸಿಕೊಳ್ಳುವುದು.

ಈ ಗಡಿಯಾರದ ಪರಮ ವೈರಿಯೆಂದರೆ ನನ್ನ ಮನೆಯೊಡತಿ. ಮಾರ್ಚ್‌ಮಂಟ್ ಬಡಾವಣೆಯಲ್ಲಿ, ಮೆಡೋಸ್ ಬಯಲಿನ ಆಚೆಗೆ, ಸವೆದ ಕಲ್ಲುಮೆಟ್ಟಿಲುಗಳ ಮೂರನೆಯ ಅಂತಸ್ತಿನಲ್ಲಿ ಆಕೆಯ ಮನೆ. ತಂದೆ ಲೀತ್ ಬಂದರಿನಿಂದ ಹೊರಡುವ ಹಡಗುಗಳಲ್ಲಿ ದುಡಿದವನಾದುದರಿಂದ ಕಾಲದ ವಿಷಯದಲ್ಲಿ ಆಕೆಗೆ ಮಡಿ ಹೆಚ್ಚು. ಕೋಟೆಯ ಮೇಲೆ ಮಧ್ಯಾಹ್ನ ಒಂದು ಗಂಟೆಗೆ ಹಾರುವ ತೋಪೊಂದೇ ಆಕೆಗೆ ಪ್ರಮಾಣ. ಲೀತ್‌ನ ಹಡಗುಗಳು ತಮ್ಮ ಗಡಿಯಾರಗಳನ್ನು ಸರಿಪಡಿಸಿಕೊಳ್ಳಲೆಂದು ಕ್ಯಾಲ್ಟನ್ ಗುಡ್ಡದ ಕಂಬದಲ್ಲಿ ಮೊದಲು ಒಂದು ಚೆಂಡನ್ನು ಬೀಳಿಸುತ್ತಿದ್ದರಂತೆ. ಕಡಲಿನಿಂದ ಏರಿ ಬರುವ ಮಂಜಿನಲ್ಲಿ ಚೆಂಡು ಯಾರಿಗೆ ಕಾಣಬೇಕು? ಆದುದರಿಂದ 1861ರಲ್ಲಿ ತೋಪು ಬಂದಿತು. ಹನ್ನೆರಡಕ್ಕೆ ಹನ್ನೆರಡು ಗುಂಡು ಹಾರಿಸುವ ಬದಲು ಒಂದಕ್ಕೆ ಒಂದೇ ಗುಂಡಿನಲ್ಲಿ ಮುಗಿಸುವುದು ಸ್ಕಾಟರ ಮಿತವ್ಯಯವೆಂದು ಊರಿನವರೇ ನಗುತ್ತಾರೆ. ಆಕೆಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ಅಡಿಗೆಮನೆಯ ಗಡಿಯಾರದ ಗಾಜನ್ನು ತೆರೆದು, ಕೈಯೊರಸುವ ಬಟ್ಟೆಯನ್ನು ಹೆಗಲಿಗೇರಿಸಿ, ಬೆರಳನ್ನು ಮುಳ್ಳಿನ ಹತ್ತಿರ ಹಿಡಿದು ಉಸಿರುಗಟ್ಟಿ ನಿಲ್ಲುವಳು. ತೋಪಿನ ಸದ್ದು ಕೇಳಿದೊಡನೆ ಮುಳ್ಳನ್ನು ಸರಿಪಡಿಸುವಳೆಂದು ನೀವು ತಿಳಿದರೆ ತಪ್ಪು. ಸದ್ದು ಕೋಟೆಯಿಂದ ತನ್ನ ಕಿಟಕಿಗೆ ಬರಲು ನಾಲ್ಕು ಸೆಕೆಂಡು ಬೇಕೆಂದು ಆಕೆಯ ತಂದೆ ಲೆಕ್ಕಮಾಡಿ ಹೇಳಿದ್ದನಂತೆ. ಆ ನಾಲ್ಕನ್ನೂ ಸೇರಿಸಿಯೇ ಮುಳ್ಳನ್ನು ಬಿಡುವಳು. ಭಾನುವಾರ ತೋಪಿಲ್ಲವಾಗಿ ಆ ದಿನ ಗಡಿಯಾರವನ್ನು ನಂಬುತ್ತಲೇ ಇರಲಿಲ್ಲ.

ನನ್ನ ಕೋಣೆಯ ಗ್ಯಾಸಿನ ಒಲೆ ಒಂದು ಷಿಲ್ಲಿಂಗ್ ನುಂಗಿದರೆ ಇಷ್ಟು ಹೊತ್ತು ಎಂದು ಉರಿದು, ‘ಫಕ್’ ಎಂದು ಆರುವುದು. ನಾನು ಆಗ ಕಂಬಳಿ ಹೊದ್ದು ಆಕೆಯ ಅಡಿಗೆಮನೆಗೆ ವಲಸೆ ಹೋಗಿ, ತೆಳುವಾಗಿ ಬೆಣ್ಣೆ ಸವರಿದ ರೊಟ್ಟಿಯೊಡನೆ ಭೂವಿಜ್ಞಾನವನ್ನು ಬೋಧಿಸುತ್ತಿದ್ದೆ. ಶಿಲೆಗಳಲ್ಲಿನ ಯುರೇನಿಯಂ, ಸೀಸಗಳ ಪ್ರಮಾಣದಿಂದ ಅವುಗಳ ವಯಸ್ಸನ್ನು ತಿಳಿಯುವ ವಿದ್ಯೆಗೆ ಅಡಿಪಾಯ ಹಾಕಿದ ಆರ್ಥರ್ ಹೋಮ್ಸ್ ಆಗ ನಮ್ಮ ಪ್ರಾಧ್ಯಾಪಕರು. ನಮ್ಮ ಧಾರವಾಡದ ಹೆಸರು ಹೊತ್ತ ಶಿಲಾವರ್ಗದ ವಯಸ್ಸಿನ ವಿಚಾರವೂ ಅವರ ಮೇಜಿನ ಮೇಲಿದ್ದ ಕಾಲ ಅದು. ಅದರಿಂದ ನನಗುಂಟಾದ ಹೆಮ್ಮೆಗೆ ಆ ಶಿಲೆಗಳನ್ನು ನಾನೇ ಹೆತ್ತಂತಿತ್ತು. ಭೂಮಿಗೆ ಸುಮಾರು 335 ಕೋಟಿ ವರ್ಷವೆಂದು ಅವರು ಎಣಿಸಿದ್ದಾರೆಂದು ನಾನು ಹೇಳಿದಾಗ ಮನೆಯೊಡತಿ ಚಹದ ಬಟ್ಟಲನ್ನು ಕೆಳಗಿಟ್ಟು, ‘ಮಧ್ಯಾಹ್ನದ ಲೆಕ್ಕವೋ, ರಾತ್ರಿಯದೋ?’ ಎಂದು ಕೇಳಿದಳು. ಆ ಸಂಖ್ಯೆ ಈಗ 455 ಕೋಟಿಗೆ ಏರಿದೆ. ವಯಸ್ಸು ಹೆಚ್ಚುತ್ತಿರುವುದು ನನ್ನೊಬ್ಬನದೇ ಅಲ್ಲವೆಂಬುದೊಂದು ಸಮಾಧಾನ.

ಮಾರ್ಚ್‌ಮಂಟಿಗೆ ಹೋಗಿ ನೋಡಿದೆ. ಹೋಗಬಾರದಾಗಿತ್ತು. ಎಳೆಯುವ ಹಿತ್ತಾಳೆಯ ಗಂಟೆಯಿದ್ದ ಕಡೆ ಏಳು ಗುಂಡಿಗಳು, ಏಳು ಹೆಸರುಗಳು, ಕೆಳಬಾಗಿಲಿಗೇ ಬೀಗ. ಆಕೆಯ ಕಾಗದಗಳು 1961ರಲ್ಲಿಯೇ ನಿಂತಿದ್ದವು. ಒಂದು ಗಂಟೆಯ ತೋಪು ಹಾರಿದಾಗ ನಾನು ಆ ಬಾಗಿಲಿನ ಮುಂದೆಯೇ ನಿಂತಿದ್ದೆನು. ಅರಿವಿಲ್ಲದೆಯೆ ನಾಲ್ಕು ಸೆಕೆಂಡು ಸೇರಿಸಿದೆನು. ಉತ್ಸಾಹ ಬರುವ ಬದಲು ಹಸಿವಾಯಿತು.

ಊಟ ಮುಗಿಸಿ, ಬಂದುದಕ್ಕೆ ಒಂದು ಶಾಸ್ತ್ರವಿರಲೆಂದು, ಸ್ಯಾಲಿಸ್ಬರಿ ಕಡಿಬಂಡೆಗಳ ಬುಡದ ರ್‍ಯಾಡಿಕಲ್ ದಾರಿಯನ್ನು ಹಿಡಿದೆನು. ಅಲ್ಲಿಯ ದಕ್ಷಿಣದ ತುದಿಯಲ್ಲಿ ಭೂವಿಜ್ಞಾನದ ಹಿರಿಯನಾದ ಹಟನ್ ಎಂಬ ಮಹನೀಯನು ನೋಡಿ ತೋರಿಸಿದ ಜಾಗವೊಂದಿದೆ. ಕಾವಲಿಗೆ ಅಂಟಿದ ರೊಟ್ಟಿಯಡಿಗೆ ಮೊಗಚುವ ಕೈಯನ್ನು ತೂರಿಸಿದಾಗ ರೊಟ್ಟಿಯಂಚು ಹೇಗೆ ಮೇಲೆದ್ದು ಬಾಗುವುದೋ ಹಾಗೆ, ಕೆಂಪು ಪದರಗಲ್ಲಿನ ಅಂಚೊಂದನ್ನು ಕರಿಯ ಶಿಲೆ ಎತ್ತಿ ತಿರುಚಿ ಹಿಡಿದಿದೆ. ಕರಿಯ ಶಿಲೆ ಕುದಿಯುತ್ತ ನಡುವೆ ನುಗ್ಗಿತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅಲ್ಲಿ ಏಳೆಂಟು ಜನ ಹುಡುಗ ಹುಡುಗಿಯರು ನಿಂತಿದ್ದರು. ಅವರಲ್ಲೊಬ್ಬನು, ಕೆಳಗಿರುವುದು ಹಳೆಯದು, ಮೇಲಿರುವುದು ಹೊಸದು, ಅಷ್ಟೆ, ಎಂದು ಸುಲಭಸೂತ್ರ ಹೇಳುತ್ತಿದ್ದನು.

ನಾನು ಸುಮ್ಮನಿರಬಹುದಾಗಿತ್ತು. ಕರೆಯದ ಮನೆಗೆ ಹೋದ ಅತಿಥಿಯಂತೆ ನಡುವೆ ನುಗ್ಗಿ, ಆ ಕರಿಯ ಶಿಲೆಯ ಕೆಲಸವನ್ನೇ ಮಾಡಿದೆನು. ನಡುವೆ ಬಂದುದು ಮೇಲಿನದಕ್ಕಿಂತಲೂ ಕಿರಿಯದು, ಕೆಳಗೂ ಮೇಲೂ ಎರಡು ಕಡೆಯ ಕಲ್ಲನ್ನೂ ಸುಟ್ಟಿದೆ ನೋಡಿ, ಎಂದು ಕೊಡೆಯ ತುದಿಯಿಂದ ತೋರಿಸಿದೆನು. ಬಾಯಿ ಹೊರಟ ಮೇಲೆ ನಿಲ್ಲುವುದುಂಟೆ? ಇದೇ ಬಂಡೆಗಳ ಬಳಿ ತರುಣ ಡಾರ್ವಿನ್ನನಿಗೆ ಪ್ರೊಫೆಸರೊಬ್ಬರು, ಬಿರುಕಿಗೆ ಮೇಲಿನಿಂದ ಕೆಸರು ತುಂಬಿ ಇಂಥ ಶಿಲೆಯಾಯಿತೆಂದು ಬೋಧಿಸಿದುದನ್ನೂ, ಅದನ್ನು ಕೇಳಿ ಆತನು ಭೂವಿಜ್ಞಾನದ ಗೊಡವೆಯೇ ಬೇಡವೆಂದುಕೊಂಡುದನ್ನೂ, ಮುಂದೆ ಆ ಶಪಥ ಮುರಿದುದನ್ನೂ ಹೇಳಿದೆನು. ಒಬ್ಬಳು ಹುಡುಗಿ ವಾದಕ್ಕೆ ನಿಂತಳು, ಬಲು ಚುರುಕು. ಆಕೆಯ ಒಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಇರುವಂತೆ ನಟಿಸಿ, ಸಿಕ್ಕಿಬಿದ್ದು, ಎಲ್ಲರೂ ನಕ್ಕು, ಮಂಡಿನೋವಿನ ನಾನು ಬಂಡೆಯ ಬದಿಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಭೂತಗಾಜಿನಿಂದ ಕಲ್ಲು ನೋಡುತ್ತಿದ್ದೇನೆಂಬುದು ಏಳುವಾಗಲೇ ತಿಳಿದುದು.

ಲಂಡನ್ನಿನ ರೈಲು ಐದಕ್ಕೆ. ಪ್ರಿನ್ಸಸ್ ಬೀದಿಗೆ ಏದುತ್ತ ಬಂದಾಗ ಗೋಪುರದ ಗಡಿಯಾರ ಐದು ತೋರಿಸುತ್ತಿತ್ತು. ಮೂರು ಕಳೆದೆನು. ಮೂರು ನಿಮಿಷ ಧಾರಾಳವೆಂದು ನಿಂತು, ಬೀದಿಯ ಆಚೆಗೆ ಕೋಟೆಯ ಮೇಲೆ ಬಿದ್ದ ಇಳಿಬಿಸಿಲನ್ನು ನೋಡಿ, ಮೆಟ್ಟಿಲಿಳಿಯತೊಡಗಿದೆನು. ಗಾಳಿ ಟೋಪಿಯನ್ನು ಮತ್ತೆ ಕಿತ್ತಿತು. ಅದರ ಹಿಂದೆ ಐದು ಮೆಟ್ಟಿಲು ಹತ್ತಿದೆನು. ಪ್ಲಾಟ್‌ಫಾರಮ್ಮಿಗೆ ಬಂದಾಗ ಗಾಡಿಯ ಕಡೆಯ ಡಬ್ಬಿ ಸುರಂಗದತ್ತ ತಿರುಗುತ್ತಿತ್ತು.

ಮುಂದಿನ ಗಾಡಿಗೆ ಇನ್ನೂ ಒಂದು ಗಂಟೆ ಇದೆಯೆಂದೂ, ಅಲ್ಲಿ ಬೆಂಚಿದೆ, ಕುಳಿತುಕೊಳ್ಳಬಹುದೆಂದೂ ಪೋರ್ಟರನು ನನ್ನ ನರೆಗೂದಲನ್ನು ನೋಡಿ ವಿನಯದಿಂದ ಹೇಳಿದನು. ಪೆಟ್ಟಿಗೆಯನ್ನು ಅವನ ಬಳಿಯಲ್ಲಿಯೇ ಬಿಟ್ಟು, ಟೋಪಿಯನ್ನು ಜೇಬಿಗೆ ತುರುಕಿ, ಮತ್ತೆ ಆ ಮೆಟ್ಟಿಲುಗಳನ್ನು ಹತ್ತಿದೆನು.