ಒಂದು ‘ಅಂತೆ’ಯ ಹಿಂದೆ

ಬೇರೆಯವರ ಸುದ್ದಿಗೆ ‘ಅಂತೆ’ ಹಚ್ಚಿ ಮಾತಾಡುವುದು ಕನ್ನಡಿಗರಿಗೆಲ್ಲ ರೂಢಿ. ಬಂದನಂತೆ, ಬಿಟ್ಟುಹೋದಳಂತೆ. ನಾನು ಕಂಡಿದ್ದಲ್ಲಪ್ಪ, ಯಾರೋ ಹೇಳಿದ್ದು ಎಂದು ಮೆತ್ತಗೆ ಜಾರಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ ತನ್ನದೇ ಬದುಕಿನ ಬಗ್ಗೆ ಒಬ್ಬರು ‘ಅಂತೆ’ ಅಂದರೆ?

ಹಳ್ಳಿಯ ಹಿರಿಯ ಹೆಂಗಸರು ಹೇಳಿಕೊಳ್ಳುವ ಬದುಕಿನ ಕಥೆಗಳು ನನ್ನ ಪಿಎಚ್‌ಡಿ ವಿಷಯ. ಮಂಡ್ಯ ಕಡೆಯ ಅಜ್ಜಿಯೊಬ್ಬರಿಗೆ ಮದುವೆಯಾದಾಗ ಒಂಬತ್ತೋ ಹತ್ತೋ ವರ್ಷ. ಅದನ್ನು ಅವರು ಹೇಳಿದ್ದು ಹೀಗೆ: “ಚಪ್ಪರದಲ್ಲೇ ನಿದ್ದೆ ಹೋಗ್ಬುಟ್ಟಿದ್ನಂತೆ. ನಮ್ಮಪ್ಪ ತೊಡೆ ಮೇಲೆ ಕೂರಿಸ್ಕಂಡು ಧಾರೆ ಎರೆದ್ನಂತೆ. ಕಾಲುಂಗ್ರ ಬಿಗಿ ಆಯ್ತಿತ್ತು. ಗಂಡನ ಮನೆಗೆ ಕಳಸುವಾಗ ಬಲು ಅತ್ತಿದ್ನಂತೆ.”

ನಾಲ್ಕು ವಾಕ್ಯಗಳಲ್ಲಿ ಮೂರು ಅವರಿವರಿಂದ ಕೇಳಿದ್ದು. ಕಾಲುಂಗುರದ್ದೊಂದೇ ಅವರ ಸ್ವಂತದ್ದು. ಇಡೀ ಮದುವೆಯಲ್ಲಿ ಆ ಮಗುವಿಗೆ ಉಳಿದದ್ದು ಕಾಲಬೆರಳಿನ ನೋವು ಮಾತ್ರ.

ಪ್ರಬಂಧ ಬರೆಯುತ್ತಿರುವುದು ಇಂಗ್ಲಿಷಿನಲ್ಲಿ. ಅಲ್ಲಿ ‘ಅತ್ತಿದ್ನಂತೆ’ ಎಂಬುದನ್ನು ‘ನಾನು ಅತ್ತೆ ಎಂದು ಜನ ಹೇಳುತ್ತಾರೆ’ ಅಂತ ಬರೆದರೆ ಕೋರ್ಟಿನಲ್ಲಿ ತಪ್ಪಿಸಿಕೊಳ್ಳುವ ಸಾಕ್ಷಿಯ ಮಾತಿನ ಹಾಗೆ ಕೇಳುತ್ತದೆ. ‘ಅತ್ತೆ’ ಎಂದಷ್ಟೇ ಬರೆದರೆ ವಾಕ್ಯ ಸಲೀಸು, ಆದರೆ ಅಜ್ಜಿ ಹೇಳದ ಮಾತನ್ನು ಅವರ ಬಾಯಿಗೆ ಹಾಕಿದ ಹಾಗೆ.

ಕೆಲವು ವಾರಗಳ ನಂತರ ಅವರೇ ಅದನ್ನು ಹೇಳಿಬಿಟ್ಟರು. ಅವತ್ತು ಮನೆಯಲ್ಲಿ ಪಿಯುಸಿ ಓದುವ ಮೊಮ್ಮಗಳಿಗೆ ಗಂಡು ನೋಡುವ ಮಾತು ನಡೆದಿತ್ತು. ಮಗ, ಸೊಸೆ ಇಬ್ಬರೂ ಅಲ್ಲೇ ಕೂತಿದ್ದರು. ಅಜ್ಜಿ ನನ್ನ ಕಡೆ ತಿರುಗಿ ಅದೇ ಕಥೆ ತೆಗೆದರು: “ಅತ್ತೆ ಕಣವ್ವ, ಊರಾಚೆ ಆಲದ ಮರದ ತಂಕ ಅತ್ತೆ.” ‘ಅಂತೆ’ ಇಲ್ಲ. ಕಾಲುಂಗುರವೂ ಇಲ್ಲ. ನೋಡುತ್ತಿದ್ದದ್ದು ನನ್ನನ್ನು, ಹೇಳುತ್ತಿದ್ದದ್ದು ಮಗನಿಗೆ.

ಎರಡನೆಯದೇ ಪೂರ್ಣವಾಗಿದೆ, ಅದನ್ನೇ ಇಟ್ಟುಕೊಳ್ಳಿ ಎನ್ನುತ್ತಾರೆ ನನ್ನ ಮಾರ್ಗದರ್ಶಕರು. ಮರ್ಜೊರಿ ಶೋಸ್ಟಾಕ್ 1981ರ ‘ನೀಸಾ’ ಪುಸ್ತಕದಲ್ಲಿ ಕಲಹರಿಯ ಕುಂಗ್ ಹೆಣ್ಣೊಬ್ಬಳ ಹಲವು ದಿನದ ಮಾತುಗಳನ್ನು ಕಾಲಾನುಕ್ರಮಕ್ಕೆ ಜೋಡಿಸಿ ಒಂದೇ ಬದುಕಾಗಿ ಕೊಟ್ಟರು. ಚೆನ್ನಾಗಿ ಓದಿಸಿಕೊಳ್ಳುತ್ತದೆ, ನಿಜ. ಆದರೆ ನನಗೆ ಒಗ್ಗಿದ್ದು ವಿನ್ಸೆಂಟ್ ಕ್ರಪನ್ಜಾನೊ 1980ರಲ್ಲಿ ಪ್ರಕಟಿಸಿದ, ಓದಲು ಬಲು ತ್ರಾಸಿನ ‘ತುಹಾಮಿ’. ಮೊರಾಕ್ಕೊದ ಮೆಕ್ನೆಸ್ ಪಟ್ಟಣದ ಹೆಂಚು ಮಾಡುವವನೊಬ್ಬ ತನಗೆ ಒಂಟೆಕಾಲಿನ ಆಯಿಶಾ ಕಂದೀಶಾ ಎಂಬ ಹೆಣ್ಣುಭೂತದ ಜೊತೆ ಮದುವೆಯಾಗಿದೆ ಎನ್ನುತ್ತಾನೆ. ಅವನ ಕಥೆಗಳಲ್ಲಿ ನಡೆದದ್ದೆಷ್ಟು, ನಡೆಯದ್ದೆಷ್ಟು ಎಂದು ಬೇರ್ಪಡಿಸುವುದು ಕ್ರಪನ್ಜಾನೊಗೆ ಆಗುವುದಿಲ್ಲ. ಘಟನೆಯ ವಾಸ್ತವವೇ ಬೇರೆ, ಆತ್ಮಕಥೆಯ ಸತ್ಯವೇ ಬೇರೆ ಎಂಬಲ್ಲಿಗೆ ಬರುತ್ತಾನೆ. ಕೇಳುತ್ತಾ ಕೂತ ತಾನೂ, ನಡುವೆ ಕೂತ ದುಭಾಷಿಯೂ ಆ ಕಥೆಯ ಭಾಗವೇ ಎನ್ನುವುದನ್ನು ಮುಚ್ಚಿಡುವುದಿಲ್ಲ.

ಹಾಗಾಗಿ ನಾನು ಎರಡು ಪಾಠಗಳನ್ನೂ ಅಕ್ಕಪಕ್ಕ ಇಟ್ಟಿದ್ದೇನೆ, ಅವತ್ತು ಯಾರು ಎಲ್ಲಿ ಕೂತಿದ್ದರು ಎಂಬ ವಿವರದ ಸಮೇತ. ‘ಅಂತೆ’ಯನ್ನು ಅನುವಾದಿಸದೆ ಹಾಗೇ ಬಿಟ್ಟಿದ್ದೇನೆ. ಮಾರ್ಗದರ್ಶಕರು ಒಪ್ಪಿಲ್ಲ, ವಾದ ನಡೆಯುತ್ತಿದೆ. ಮೊಮ್ಮಗಳ ಮದುವೆ ಮಾತು ಸದ್ಯಕ್ಕೆ ನಿಂತಿದೆ. ಅಜ್ಜಿಯ ಕಥೆಯಿಂದಲೋ, ವರದಕ್ಷಿಣೆಯ ಲೆಕ್ಕ ಕೂಡಿಬರದೆಯೋ, ಯಾರೂ ಹೇಳುತ್ತಿಲ್ಲ.

ಕಳೆದ ಸಲ ಹೋದಾಗ ನೇರವಾಗಿ ಕೇಳಿಬಿಟ್ಟೆ. “ಅಜ್ಜಿ, ಅತ್ತದ್ದು ನಿಮಗೆ ನೆನಪಿದೆಯಾ?”

“ಅಳ್ದೆ ಇರ್ತಿದ್ನಾ?” ಅಂದರು.

ಅದನ್ನೂ ಟೈಪ್ ಮಾಡಿಟ್ಟಿದ್ದೇನೆ. ಕಂಡದ್ದರ ಕಂಬಕ್ಕೂ ಸೇರುತ್ತಿಲ್ಲ, ಕೇಳಿದ್ದರ ಕಂಬಕ್ಕೂ ಸೇರುತ್ತಿಲ್ಲ.