ಅಪ್ಪನ ಫಿಯಟ್

1978ರಲ್ಲಿ, ನಾನು ಎರಡನೇ ಕ್ಲಾಸಿನಲ್ಲಿದ್ದಾಗ, ಸಾಗರದ ನಮ್ಮ ಮನೆ ಮುಂದೆ ಒಂದು ಹಳೇ ಅಂಬಾಸಿಡರ್ ಬಂದು ನಿಂತಿತು. ಅಡಿಕೆ ಮಂಡಿ ಓಡಾಟಕ್ಕೆ ಅಂತ ಅಪ್ಪ ತಂದದ್ದು. ಚಳಿಗಾಲದ ಬೆಳಿಗ್ಗೆ ಹ್ಯಾಂಡಲ್ ತಿರುಗಿಸಬೇಕು. ಅದಕ್ಕೂ ಬಗ್ಗದಿದ್ದರೆ ತಳ್ಳೋದಕ್ಕೆ ಅಕ್ಕ, ನಾನು ಇದ್ದೆವಲ್ಲ!

ಆಮೇಲೆ ಬಂದದ್ದು ಬಿಳಿ ಫಿಯಟ್. ಸ್ಟಿಯರಿಂಗ್ ಪಕ್ಕದಲ್ಲೇ ಗೇರು, ಮುಂದೆ ಉದ್ದನೆಯ ಒಂದೇ ಸೀಟು. ಅಪ್ಪ ಅಮ್ಮನ ನಡುವೆ ನನ್ನ ಜಾಗ. ಆಗುಂಬೆ ಘಾಟಿಯಲ್ಲಿ ಇಂಜಿನ್ ಕಾದರೆ ನಿಲ್ಲಿಸಿ ನೀರು ಹಾಕೋದು; ಅಷ್ಟರಲ್ಲಿ ಅಮ್ಮನ ಚಿತ್ರಾನ್ನ ಖಾಲಿ.

1987ರಲ್ಲಿ ಅಕ್ಕನ ಮದುವೆಯ ಸಾಲ ತೀರಿಸೋಕೆ ಅದನ್ನು ಮಾರಿದರು. ನಾನು ಅತ್ತೆ. "ಕಾರು ಮಾರಿ ಸಾಲ ತೀರಿಸಬಹುದು ಮಾರಾಯ, ಸಾಲ ಮಾಡಿ ಕಾರು ತಗೋಬಾರದು" ಅಂದರು ಅಪ್ಪ.

ಬ್ಯಾಂಕ್ ಕೆಲಸಕ್ಕೆ ಮುಂಬಯಿಗೆ ಬಂದರೆ ಬೀದಿ ತುಂಬಾ ಅದೇ ಕಾರು, ಕಾಲಿ-ಪೀಲಿ ಟ್ಯಾಕ್ಸಿಯಾಗಿ. ಕುರ್ಲಾದಲ್ಲೇ ತಯಾರಾಗುತ್ತಿದ್ದದ್ದಲ್ಲವೇ! 1999ರಲ್ಲಿ ಸ್ಟಾಫ್ ಲೋನ್ ತೆಗೆದು ಮಾರುತಿ 800 ಕೊಂಡೆ. ಅಪ್ಪ ಬಂದಾಗ ಸಾಲದ ಮಾತೆತ್ತಲಿಲ್ಲ. ಅವರೂ ಕೇಳಲಿಲ್ಲ. ಒಂದು ದಿನ ಮಾತ್ರ, "ಇವತ್ತು ಟ್ಯಾಕ್ಸಿಯಲ್ಲಿ ಹೋಗೋಣ" ಅಂತ ಡ್ರೈವರ್ ಪಕ್ಕ ಕೂತರು. ದಾದರಿನವರೆಗೂ ಕಣ್ಣೆಲ್ಲ ಗೇರಿನ ಮೇಲೆ. ಇಳಿಯುವಾಗ ಡ್ಯಾಶ್‌ಬೋರ್ಡನ್ನು ಒಮ್ಮೆ ಸವರಿದರು.

20 ವರ್ಷದ ಗಡುವು ಮುಗಿದು, 2023ರ ಅಕ್ಟೋಬರ್ ಕೊನೆಗೆ ಆ ಟ್ಯಾಕ್ಸಿಗಳೂ ರಸ್ತೆಯಿಂದ ಹೋದವು. ಅಪ್ಪ ಅದಕ್ಕೂ ಮುಂಚೆಯೇ ಹೋದರು. ವಾರಕ್ಕೆ ನಾಲ್ಕಾರು ಕಾರ್ ಲೋನಿಗೆ ಸಹಿ ಹಾಕುವ ನಾನು, ನನ್ನ ಸಾಲದ ವಿಷಯ ಅವರಿಗೆ ಹೇಳಲೇ ಇಲ್ಲ ನೋಡಿ.